ನಾಲ್ಕು ಅಕ್ಷರ, ಹನ್ನೊಂದು ತುಂಡು: ಹೈಕು ಓಎಸ್‌ನಲ್ಲಿ ಒಂದು ಕನ್ನಡ ಆ್ಯಪ್ ಬರೆದ ಅನುಭವ

ಮೆಟ್ಟುಗತ್ತಿ ಗೊತ್ತಲ್ವಾ? ಮರದ ಮಣೆಗೆ ನೆಟ್ಟ ಕತ್ತಿ. ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತು, ಎರಡೂ ಕೈಯಲ್ಲಿ ಅಡಿಕೆ ಹಿಡಿದು ಸುಲಿಯೋದು. ಸಾಗರದ ಹತ್ತಿರ ನಮ್ಮೂರಿಗೆ ಸುಲಿಯುವ ಯಂತ್ರ ಬಂದ ಮೇಲೆ ನಮ್ಮನೆಯ ಮೆಟ್ಟುಗತ್ತಿಗಳು ಅಟ್ಟ ಸೇರಿದವು. ಆ ಪದ ಕೂಡ ಮಾತಿನಿಂದ ಮೆಲ್ಲಗೆ ಜಾರುತ್ತಿದೆ. ಅದಕ್ಕೇ ಅಮ್ಮನ ಬಾಯಲ್ಲಿ ಬರುವ ಇಂಥ ಪದಗಳನ್ನು ಕೆಲವು ವರ್ಷಗಳಿಂದ ಬರೆದಿಡುತ್ತಿದ್ದೇನೆ. ಚೊಗರು, ದಬ್ಬೆ, ಗೊರಬು, ಕಂಬಳಿಕೊಪ್ಪೆ, ಸೊಪ್ಪಿನ ಬೆಟ್ಟ. ಮೊದಲು ನೋಟ್‌ಬುಕ್ಕಲ್ಲಿ, ಆಮೇಲೆ ಒಂದು ಸ್ಪ್ರೆಡ್‌ಶೀಟಲ್ಲಿ.

ಬೆಂಗಳೂರಿನಲ್ಲಿ ನನ್ನ ಕೆಲಸ ಸಾಫ್ಟ್‌ವೇರ್ ಬರೆಯೋದು. ದಿನವಿಡೀ ಲಿನಕ್ಸ್, ಕಂಟೇನರು, ಕ್ಲೌಡು. ಒಂದು ಸಣ್ಣ ಹುಡುಕಾಟದ ಪುಟ ಬೇಕೆಂದರೂ ಡೇಟಾಬೇಸ್ ಒಂದು ಕಡೆ, ಸರ್ವರ್ ಒಂದು ಕಡೆ, ಬ್ರೌಸರ್ ಇನ್ನೊಂದು ಕಡೆ. ಅಮ್ಮನ ಪದಗಳಿಗೆ ಅಷ್ಟೆಲ್ಲಾ ಬೇಡ ಅನ್ನಿಸಿತ್ತು. ಆ ಹೊತ್ತಿಗೆ, 2024ರ ಸೆಪ್ಟೆಂಬರ್‌ನಲ್ಲಿ, ಹೈಕು ಓಎಸ್‌ನ ಬೀಟಾ5, ಅಂದರೆ ಐದನೇ ಪರೀಕ್ಷಾ ಆವೃತ್ತಿ, ಬಂತು. ವಿಂಡೋಸ್, ಲಿನಕ್ಸ್ ಥರ ಹೈಕು ಕೂಡ ಒಂದು ಆಪರೇಟಿಂಗ್ ಸಿಸ್ಟಮ್. ಮನೆಯಲ್ಲಿ 4 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿತ್ತು. ಅದರಲ್ಲಿ ಹಾಕಿ, ಪದಗಳಿಗೆ ಒಂದು ಆ್ಯಪ್ ಬರೆಯೋಣ ಅಂತ ಕೂತೆ.

ಹೈಕು ಲಿನಕ್ಸ್ ಅಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಕೇಳಿದವರೆಲ್ಲ "ಯಾವ ಡಿಸ್ಟ್ರೋ?", ಅಂದರೆ ಲಿನಕ್ಸಿನ ಯಾವ ಬಗೆ, ಅಂತಾರೆ. ಇದರ ಬೇರು ಬಿಓಎಸ್. ಆ್ಯಪಲ್‌ನಲ್ಲಿದ್ದ ಜಾನ್ ಲೂಯಿ ಗಾಸೆ ಹೊರಬಂದು ಕಟ್ಟಿದ 'ಬಿ' ಕಂಪನಿಯ ಸಿಸ್ಟಮ್ ಅದು. 2001ರಲ್ಲಿ ಪಾಮ್ ಕಂಪನಿ ಅದನ್ನು ಕೊಂಡಿತು, ಬಿಓಎಸ್ ಅಲ್ಲಿಗೆ ನಿಂತಿತು. ಅದನ್ನು ಪ್ರೀತಿಸಿದವರು ಅದೇ ವರ್ಷ ಓಪನ್‌ಬಿಓಎಸ್ ಅಂತ ಶುರು ಮಾಡಿ, ಮೊದಲಿಂದ ಬರೆಯತೊಡಗಿದರು. 2004ರಲ್ಲಿ ಹೈಕು ಅಂತ ಹೆಸರಾಯಿತು. ಮೊದಲ ಬೀಟಾ ಬಂದದ್ದು 2018ರಲ್ಲಿ. ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನಿಂದ ಹಿಡಿದು ಕಿಟಕಿಯ ಹಳದಿ ಪಟ್ಟಿಯವರೆಗೆ ಎಲ್ಲವೂ ಒಂದೇ ತಂಡದ ಒಂದೇ ಕೋಡ್. ಡೆಸ್ಕ್‌ಟಾಪ್‌ಗೆ ಅಂತಲೇ ಮಾಡಿದ್ದು. ಬೇರು ಹಳೆಯದಾದರೂ, ನನ್ನಂಥ ಡೆವಲಪರ್‌ಗೆ ಇದು ಪೂರ್ತಿ ಹೊಸ ಊರು.

ಇನ್‌ಸ್ಟಾಲ್ ಬಗ್ಗೆ ಜಾಸ್ತಿ ಹೇಳಲ್ಲ. ಇಮೇಜನ್ನು ಪೆನ್‌ಡ್ರೈವ್‌ಗೆ ಬರೆದೆ, ಬೂಟ್ ಮಾಡಿದೆ, ಒಂದು ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಕೊಟ್ಟೆ, ಯಂತ್ರ ಏಳುವಾಗ ಹುಡುಕುವ ಯುಇಎಫ್‌ಐ ಬೂಟ್ ಫೈಲನ್ನು ಕೈಯಾರೆ ಅದರ ಜಾಗಕ್ಕೆ ಕಾಪಿ ಮಾಡಿದೆ. ನನ್ನ ಲ್ಯಾಪ್‌ಟಾಪಿನ ವೈಫೈ ಏಳಲಿಲ್ಲ. ಫೋನನ್ನು ಯುಎಸ್‌ಬಿ ಕೇಬಲ್ಲಿಂದ ಸಿಕ್ಕಿಸಿ ಟೆದರಿಂಗ್ ಹಾಕಿದರೆ ನೆಟ್ ಬಂತು. ಇವತ್ತಿಗೂ ಹಾಗೇ ನಡೆಸುತ್ತಿದ್ದೇನೆ. ಮತ್ತೆ, ಇದು ಬೂಟ್ ಆಗುವ ವೇಗ! ಆ ಹಳೇ ಯಂತ್ರದಲ್ಲಿ ಪವರ್ ಬಟನ್ ಒತ್ತಿ, ಕಾಫಿ ಲೋಟ ತುಟಿಗಿಟ್ಟು ಕೆಳಗಿಡುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿರುತ್ತದೆ.

ಹೈಕುವಿನ ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಅದರ ಹೆಸರು ಬಿಎಫ್‌ಎಸ್. ಇಲ್ಲಿ ಪ್ರತಿ ಫೈಲಿಗೂ ನಮಗೆ ಬೇಕಾದ ಗುಣಗಳನ್ನು, ಅಂದರೆ ಆ್ಯಟ್ರಿಬ್ಯೂಟ್‌ಗಳನ್ನು, ಅಂಟಿಸಬಹುದು. ಬೇರೆ ಕಡೆಯೂ ಅಂಟಿಸಬಹುದು, ನಿಜ. ಆದರೆ ಇಲ್ಲಿ ಆ ಗುಣಗಳಿಗೆ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಸೂಚಿ, ಇಡಬಹುದು, ಆಮೇಲೆ ಪ್ರಶ್ನೆ ಕೇಳಬಹುದು. "ಊರು ಅನ್ನೋ ಗುಣ ಸಾಗರ ಅಂತಿರುವ, ಅಡಿಕೆಗೆ ಸೇರಿದ ಎಲ್ಲ ಫೈಲು ಕೊಡು" ಅಂದರೆ ಫೈಲ್ ಸಿಸ್ಟಮ್ಮೇ ಹುಡುಕಿ ಕೊಡುತ್ತದೆ. ಹೈಕುವಿನಲ್ಲಿ ಬರುವ ಮೇಲ್ ಹೀಗೇ ಕೆಲಸ ಮಾಡುತ್ತದೆ. ಒಂದು ಮೇಲ್ ಅಂದರೆ ಒಂದು ಫೈಲು. ಕಳಿಸಿದವರು, ವಿಷಯ, ತಾರೀಖು ಎಲ್ಲ ಗುಣಗಳು. ಫೋನ್‌ಬುಕ್ಕಿನಲ್ಲಿ ಒಬ್ಬ ವ್ಯಕ್ತಿ ಅಂದರೆ ಒಂದು ಖಾಲಿ ಫೈಲು. ಹೆಸರು, ನಂಬರು, ವಿಳಾಸ ಎಲ್ಲ ಅದರ ಮೇಲೆ ಅಂಟಿಸಿದ ಚೀಟಿಗಳು. ಈ ಫೈಲ್ ಸಿಸ್ಟಮ್‌ನ ಮೂಲ ರೂಪ ಬರೆದವರಲ್ಲಿ ಒಬ್ಬರಾದ ಡೊಮಿನಿಕ್ ಜಂಪಾವ್ಲೋ ಆಮೇಲೆ ಆ್ಯಪಲ್‌ಗೆ ಹೋಗಿ ಅಲ್ಲಿನ ಸ್ಪಾಟ್‌ಲೈಟ್ ಹುಡುಕಾಟದಲ್ಲಿ ಕೆಲಸ ಮಾಡಿದರು. ಬಿಎಫ್‌ಎಸ್ ಬಳಸಿದ ಮೇಲೆ ಅದು ಆಶ್ಚರ್ಯ ಅನ್ನಿಸುವುದಿಲ್ಲ.

ನನಗೆ ಹೊಳೆದದ್ದು ಇಷ್ಟೇ: ಒಂದು ಪದಕ್ಕೆ ಒಂದು ಫೈಲು. ಫೈಲಿನ ಹೆಸರೇ ಪದ. ಅರ್ಥ, ಊರು, ಯಾವ ಕೆಲಸಕ್ಕೆ ಸೇರಿದ್ದು, ಯಾರು ಹೇಳಿದ್ದು, ಇವೆಲ್ಲ ಗುಣಗಳು. ನಿಘಂಟು ಮಾಡುವವರು ಮೊದಲಿಂದಲೂ ಚೀಟಿಯಲ್ಲೇ ಪದ ಬರೆದಿಡುತ್ತಿದ್ದರಲ್ಲ, ಇದೂ ಅದೇ ಥರ.

ಫೈಲ್‌ಟೈಪ್ಸ್ ಅನ್ನೋ ಸೆಟ್ಟಿಂಗ್‌ಗೆ ಹೋಗಿ 'ಪದಚೀಟಿ' ಅಂತ ಹೊಸ ಬಗೆಯ ಫೈಲು ಸೇರಿಸಿದೆ. ಅದಕ್ಕೆ ನಾಲ್ಕು ಗುಣ ಬರೆದು, ಕಾಣಿಸಬೇಕು, ತಿದ್ದಲು ಬರಬೇಕು ಅಂತ ಟಿಕ್ ಹಾಕಿದೆ. ಅಷ್ಟೇ. ಹೈಕುವಿನ ಫೈಲ್ ಮ್ಯಾನೇಜರ್ ಟ್ರ್ಯಾಕರ್‌ನಲ್ಲಿ ಆ ಫೋಲ್ಡರ್ ತೆರೆದರೆ ಕಾಲಮ್‌ಗಳಾಗಿ ಅರ್ಥ, ಊರು, ಕೆಲಸ, ಹೇಳಿದವರು ಬಂದವು. ಕಾಲಮ್ ಮೇಲೆ ಕ್ಲಿಕ್ ಮಾಡಿ ಅಲ್ಲೇ ತಿದ್ದಬಹುದು. ಊರಿನ ಪ್ರಕಾರ ಜೋಡಿಸಬಹುದು. ಒಂದು ಸಾಲು ಕೋಡ್ ಬರೆಯುವ ಮೊದಲೇ ನನ್ನ ಆ್ಯಪಿನ ಅರ್ಧ ಕೆಲಸ ಮುಗಿದಿತ್ತು. ನಾನು ಹತ್ತು ಹದಿನೈದು ವರ್ಷ ಕಟ್ಟಿದ ಎಷ್ಟೋ ಅಡ್ಮಿನ್ ಪುಟಗಳು ಕಣ್ಣ ಮುಂದೆ ಬಂದವು. ಅವುಗಳ ಸಾಲು, ಕಾಲಮ್ಮು, ತಿದ್ದುವ ಡಬ್ಬಿ, ಎಲ್ಲ ಇಲ್ಲಿ ಸಿಸ್ಟಮ್‌ನದೇ ಕೆಲಸ.

ಆದರೆ ಮೊದಲ ಪ್ರಶ್ನೆಗೆ ಉತ್ತರ ಸೊನ್ನೆ ಬಂತು. ಚೀಟಿಗಳು ಕಣ್ಣಿಗೆ ಕಾಣುತ್ತಿವೆ, ಊರು 'ಸಾಗರ' ಅಂತಲೇ ಇದೆ, ಹುಡುಕಿದರೆ ಒಂದೂ ಇಲ್ಲ. ಸ್ಪೆಲಿಂಗ್ ನೋಡಿದೆ, ಉದ್ಧರಣ ಚಿಹ್ನೆ ನೋಡಿದೆ, ಅರ್ಧ ಗಂಟೆ ಹೋಯಿತು. ವಿಷಯ ಏನೆಂದರೆ, ನಾನು ಮೊದಲು ಚೀಟಿ ಮಾಡಿ ಆಮೇಲೆ ಇಂಡೆಕ್ಸ್ ಸೃಷ್ಟಿಸಿದ್ದೆ. ಬಿಎಫ್‌ಎಸ್ ಇಂಡೆಕ್ಸ್ ಹುಟ್ಟಿದ ಮೇಲೆ ಬರೆದ ಗುಣಗಳನ್ನು ಮಾತ್ರ ಅದರಲ್ಲಿ ಸೇರಿಸುತ್ತದೆ. ಹಿಂದಿನದನ್ನು ತಾನಾಗಿ ಹೋಗಿ ಹುಡುಕುವುದಿಲ್ಲ. ಅದಕ್ಕೆ ಅಂತ 'ರೀಇಂಡೆಕ್ಸ್' ಅನ್ನೋ ಕಮಾಂಡ್ ಇದೆ. ಅದನ್ನು ಓಡಿಸಿದ ತಕ್ಷಣ ನೂರಾ ನಲವತ್ತು ಚೀಟಿಯೂ ಸಿಕ್ಕವು. ನೀವು ಶುರು ಮಾಡುವುದಾದರೆ ಮೊದಲು 'mkindex' ಕಮಾಂಡಿನಿಂದ ಇಂಡೆಕ್ಸ್, ಆಮೇಲೆ ಚೀಟಿ.

ಇನ್ನೊಂದು ಏಟು ಇದಕ್ಕಿಂತ ಜೋರಾಗಿ ಬಿತ್ತು. ಡೆವಲಪರ್ ಅಭ್ಯಾಸ, ಎಲ್ಲವನ್ನೂ ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಹಾಕೋದು. ಚೀಟಿಗಳ ಫೋಲ್ಡರನ್ನೂ ಹಾಕಿದೆ. ಒಂದು ಭಾನುವಾರ ಪಾರ್ಟಿಷನ್ ದೊಡ್ಡದು ಮಾಡೋಣ ಅಂತ ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಗಿಟ್‌ನಿಂದ ವಾಪಸ್ ತಂದೆ. ಫೈಲುಗಳೆಲ್ಲ ಬಂದವು, ಹೆಸರು ಸರಿಯಾಗಿದೆ, ಒಳಗೆ ಏನೂ ಇಲ್ಲ. ಗಿಟ್‌ಗೆ ಗುಣಗಳು ಗೊತ್ತಿಲ್ಲ. ಅದು ಫೈಲಿನ ಒಳಗಿರುವುದನ್ನು ಮಾತ್ರ ಎತ್ತಿಕೊಂಡು ಹೋಗುತ್ತದೆ. ನನ್ನ ಚೀಟಿಗಳ ಒಳಗೆ ಒಂದು ಬೈಟೂ ಇರಲಿಲ್ಲ, ಇದ್ದದ್ದೆಲ್ಲ ಮೇಲೆ ಅಂಟಿಸಿದ್ದು. ಹಳೇ ಸ್ಪ್ರೆಡ್‌ಶೀಟಲ್ಲಿ ತೊಂಬತ್ತು ಪದ ಇದ್ದವು. ಉಳಿದ ಐವತ್ತರ ಅರ್ಥವನ್ನು ಅಮ್ಮನಿಗೆ ಮತ್ತೆ ಫೋನ್ ಮಾಡಿ ಕೇಳಿ ಬರೆದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗಿತ್ತು.

ಈಗ ಎರಡು ಕೆಲಸ ಮಾಡುತ್ತೇನೆ. ಬ್ಯಾಕಪ್‌ಗೆ ಹೈಕುವಿನದೇ ಜಿಪ್ ಬಳಸುತ್ತೇನೆ, ಅದು ಗುಣಗಳನ್ನೂ ಸೇರಿಸಿ ಕಟ್ಟುತ್ತದೆ. ಜೊತೆಗೆ ಅರ್ಥವನ್ನು ಫೈಲಿನ ಒಳಗೂ ಸಾದಾ ಪಠ್ಯವಾಗಿ ಬರೆಯುತ್ತೇನೆ. ಗುಣ ಇರುವುದು ಹುಡುಕಲು, ಒಳಗಿನ ಪಠ್ಯ ಉಳಿಯಲು.

ಚೀಟಿ ಆಯಿತು, ಇನ್ನು ಕಿಟಕಿ. ಹೈಕುವಿನ ಎಪಿಐ, ಅಂದರೆ ಆ್ಯಪುಗಳು ಸಿಸ್ಟಮ್ ಜೊತೆ ಮಾತಾಡುವ ರೀತಿ, ಸಿ++ ಭಾಷೆಯದು. ಬಿಅಪ್ಲಿಕೇಷನ್, ಬಿವಿಂಡೋ, ಬಿವ್ಯೂ, ಹೀಗೆ ಎಲ್ಲದರ ಹೆಸರೂ 'ಬಿ'ಯಿಂದ ಶುರು. ಬರೆಯಲು ಜೆನಿಯೋ ಅನ್ನೋ ಐಡಿಇ (ಕೋಡ್ ಬರೆಯುವ ಆ್ಯಪ್) ಹಾಕಿಕೊಂಡೆ. ರಸ್ಟ್, ಪೈಥಾನ್ ಭಾಷೆಗಳು, ಕಿಟಕಿ-ಬಟನ್ ಕಟ್ಟುವ ಕ್ಯೂಟಿ ಲೈಬ್ರರಿ ಕೂಡ ಪ್ಯಾಕೇಜಾಗಿ ಸಿಗುತ್ತವೆ. ಆದರೆ ಈ ಊರಿಗೆ ಬಂದ ಮೇಲೆ ಈ ಊರಿನ ಭಾಷೆಯಲ್ಲೇ ಮಾತಾಡೋಣ ಅನ್ನಿಸಿತು. ನಲವತ್ತು ಸಾಲಿಗೆ ಕಿಟಕಿ, ಹುಡುಕುವ ಡಬ್ಬಿ, ಪಟ್ಟಿ ಎಲ್ಲ ಬಂದವು. ಸಿಸ್ಟಮ್ ಜೊತೆಗೇ ಮೇಕ್‌ಫೈಲಿನ ಮಾದರಿ ಒಂದು ಇರುತ್ತದೆ. ಹೆಸರು, ಕೋಡ್ ಫೈಲು, ಬೇಕಾದ ಲೈಬ್ರರಿ ತುಂಬಿಸಿ 'ಮೇಕ್' ಅಂದರೆ ಸಾಕು.

ಇಲ್ಲಿ ಒಂದು ವಿಷಯಕ್ಕೆ ಮನಸ್ಸನ್ನು ಹೊಂದಿಸಿಕೊಳ್ಳಬೇಕು. ಹೈಕುವಿನಲ್ಲಿ ಪ್ರತಿ ಕಿಟಕಿಗೂ ತನ್ನದೇ ಥ್ರೆಡ್, ಅಂದರೆ ಬೇರೆಯಾಗಿ ಓಡುವ ಕೆಲಸದ ಎಳೆ, ಇರುತ್ತದೆ. ನೀವು ಕೇಳಲಿ ಬಿಡಲಿ, ಕಿಟಕಿ ತೆರೆದರೆ ಥ್ರೆಡ್ ಹುಟ್ಟಿತು ಅಂತಲೇ ಅರ್ಥ. ಬೇರೆ ಕಡೆ ಎಲ್ಲ ಕಿಟಕಿಗಳೂ ಒಂದೇ ಮುಖ್ಯ ಥ್ರೆಡ್ಡಿನ ಮುಂದೆ ಕ್ಯೂ ನಿಲ್ಲುತ್ತವೆ. ಅಲ್ಲಿ ಒಂದು ಕೆಲಸ ತಡವಾದರೆ ಇಡೀ ಆ್ಯಪ್ ಕಲ್ಲಾಗುತ್ತದೆ. ಇಲ್ಲಿ ಹಾಗಾಗುವುದು ಕಡಿಮೆ. ಆದರೆ ಅದಕ್ಕೆ ಬದಲಾಗಿ ಶಿಸ್ತು ಬೇಕು. ನಾನು ಚೀಟಿ ಹುಡುಕಲು ಬೇರೆ ಥ್ರೆಡ್ ಮಾಡಿ, ಅಲ್ಲಿಂದ ನೇರವಾಗಿ ಪಟ್ಟಿಗೆ ಸಾಲು ಸೇರಿಸಿದೆ. ತಕ್ಷಣ ಆ್ಯಪ್ ನಿಂತು ಒಂದು ಡಬ್ಬಿ ಬಂತು: ಮುಚ್ಚಲಾ, ಡೀಬಗ್ ಮಾಡಲಾ, ವರದಿ ಉಳಿಸಲಾ? ಡೀಬಗ್ ಒತ್ತಿದೆ. "ಲೂಪರ್ ಮಸ್ಟ್ ಬಿ ಲಾಕ್ಡ್" ಅನ್ನೋ ಸಾಲು, ಪಕ್ಕದಲ್ಲೇ ನಾನು ತಪ್ಪು ಮಾಡಿದ ಕೋಡಿನ ಸಾಲು. ಕಿಟಕಿ ಅಂದರೆ ಇನ್ನೊಬ್ಬರ ಮನೆ ಇದ್ದ ಹಾಗೆ. ಒಳಗೆ ಹೋಗಬೇಕಾದರೆ ಬಾಗಿಲಲ್ಲಿ ಕೇಳಿ, ಬೀಗ ಹಿಡಿದು ಹೋಗಬೇಕು. ಇಲ್ಲವೇ ಬಿಮೆಸೇಜ್ ಅನ್ನೋ ಕಾಗದ ಬರೆದು ಕಳಿಸಬೇಕು, ಮನೆಯವರು ತಮ್ಮ ಬಿಡುವಿನಲ್ಲಿ ಓದುತ್ತಾರೆ. ನಾನು ಎಲ್ಲವನ್ನೂ ಕಾಗದಕ್ಕೆ ಬದಲಾಯಿಸಿದೆ. ಆ ಡಬ್ಬಿ ಮತ್ತೆ ಬರಲಿಲ್ಲ.

ನನಗೆ ಇದು ತುಂಬಾ ಹಿಡಿಸಿತು. ಬೇರೆ ಎಷ್ಟೋ ಕಡೆ ಥ್ರೆಡ್ಡಿನ ತಪ್ಪು ಸುಮ್ಮನೆ ಅಡಗಿ ಕೂತು, ಗ್ರಾಹಕರ ಯಂತ್ರದಲ್ಲಿ ತಿಂಗಳಿಗೊಮ್ಮೆ ಏಳುತ್ತದೆ. ಇಲ್ಲಿ ಮೊದಲ ಸಲವೇ, ಆ ಸಾಲಿನಲ್ಲೇ ಹಿಡಿದು ನಿಲ್ಲಿಸಿತು.

ಈ ಕಾಗದದ ವ್ಯವಸ್ಥೆಯಿಂದ ಇನ್ನೂ ಒಂದು ಅನುಕೂಲ. 'ಹೇ' ಅನ್ನೋ ಕಮಾಂಡ್ ಇದೆ. ಟರ್ಮಿನಲ್ಲಿಂದ ಯಾವುದೇ ಆ್ಯಪಿಗೂ ಕಾಗದ ಕಳಿಸಬಹುದು. ನನ್ನ ಆ್ಯಪಿನ ಮೊದಲ ಕಿಟಕಿಯ ಹೆಸರೇನು ಅಂತ ಕೇಳಿದೆ, ಹೇಳಿತು. ಕಿಟಕಿಯನ್ನು ಬೇರೆ ಕಡೆ ಸರಿಸು ಅಂದೆ, ಸರಿಸಿತು. ಇದಕ್ಕಾಗಿ ನಾನು ಒಂದಕ್ಷರವೂ ಬರೆದಿರಲಿಲ್ಲ. ನನ್ನ ಪರೀಕ್ಷೆಗಳನ್ನೆಲ್ಲ ಈಗ ಹೀಗೇ ಸ್ಕ್ರಿಪ್ಟಲ್ಲಿ ಓಡಿಸುತ್ತೇನೆ.

ಕೆಲಸ ಮಾಡುವಾಗ ಇನ್ನೊಂದು ಸಣ್ಣ ಸುಖ ಸಿಕ್ಕಿತು. ವಿಂಡೋಸ್ ಕೀ ಒತ್ತಿಕೊಂಡು ಒಂದು ಕಿಟಕಿಯ ಹಳದಿ ಪಟ್ಟಿಯನ್ನು ಇನ್ನೊಂದರ ಪಟ್ಟಿಯ ಮೇಲೆ ಬಿಟ್ಟರೆ ಅವೆರಡೂ ಒಂದೇ ಕಿಟಕಿಯ ಟ್ಯಾಬುಗಳಾಗುತ್ತವೆ. ಬದಿಗೆ ತಾಗಿಸಿದರೆ ಪಕ್ಕಪಕ್ಕ ಅಂಟುತ್ತವೆ. ಬೇರೆ ಬೇರೆ ಆ್ಯಪುಗಳಾದರೂ ಸರಿ. ಎಡಿಟರ್, ಟರ್ಮಿನಲ್, ಕೈಪಿಡಿ ಮೂರನ್ನೂ ಒಟ್ಟಿಗೆ ಅಂಟಿಸಿ ಎಳೆದಾಡುವುದು ಈಗ ಎಷ್ಟು ಅಭ್ಯಾಸವಾಗಿದೆ ಅಂದರೆ, ಆಫೀಸಿನ ಯಂತ್ರದಲ್ಲೂ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಇಷ್ಟೆಲ್ಲಾ ಆದ ಮೇಲೆ ಕನ್ನಡ ಫಾಂಟ್ ಹಾಕಿದೆ. ನೋಟೋ ಸ್ಯಾನ್ಸ್ ಕನ್ನಡ, ಬಳಕೆದಾರರ ಫಾಂಟ್ ಫೋಲ್ಡರಿಗೆ ಕಾಪಿ ಮಾಡಿದರೆ ಸಾಕು. ಅಲ್ಲಿಯವರೆಗೆ ಸರಿಯಾದ ಫಾಂಟ್ ಇಲ್ಲದ್ದಕ್ಕೇ ಅಕ್ಷರ ಹೀಗಿವೆ ಅಂದುಕೊಂಡಿದ್ದೆ. ಫಾಂಟ್ ಬಂದ ಮೇಲೂ 'ಮೆಟ್ಟುಗತ್ತಿ' ಕೂಡಲಿಲ್ಲ. ಟಕಾರದ ಪಕ್ಕ ಬಿಡಿ ಹಲಂತ, ಅದರ ಪಕ್ಕ ಇನ್ನೊಂದು ಟಕಾರ, ಕೊಂಬು ಬೇರೆ ಕಡೆ. ಕೊನೆಯಲ್ಲಿ ತಕಾರ, ಹಲಂತ, ಮತ್ತೊಂದು ತಕಾರ, ಗುಡಿಸು ಅದರ ತಲೆಯ ಮೇಲೆ ಕೂರದೆ ಒಂಟಿಯಾಗಿ ನಿಂತಿದೆ. 'ಕನ್ನಡ' ಅಂತ ಬರೆದರೂ ಅಷ್ಟೇ, ನಕಾರಕ್ಕೆ ಒತ್ತು ಬರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಮೆಟ್ಟುಗತ್ತಿ ನಮಗೆ ನಾಲ್ಕು ಅಕ್ಷರ: ಮೆ, ಟ್ಟು, ಗ, ತ್ತಿ. ಯೂನಿಕೋಡ್‌ನಲ್ಲಿ ಅದು ಹನ್ನೊಂದು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಒಟ್ಟು 33 ಬೈಟು. ಆ ಹನ್ನೊಂದನ್ನು ನಾಲ್ಕಾಗಿ ಕೂಡಿಸುವ ಕೆಲಸಕ್ಕೆ ಶೇಪಿಂಗ್ ಅಂತಾರೆ. ಯಾವುದು ಒತ್ತಾಗಬೇಕು, ಯಾವುದು ಕೊಂಬಾಗಬೇಕು ಅನ್ನೋ ನಿಯಮ ಫಾಂಟಿನ ಒಳಗೇ ಇರುತ್ತದೆ. ಅದನ್ನು ಓದಿ ನಡೆಸುವವರು ಬೇಕು. ಹೈಕುವಿನ ಸ್ವಂತ ಚಿತ್ರಿಸುವ ಭಾಗ, ಆ್ಯಪ್ ಸರ್ವರ್, ಬೀಟಾ5ರಲ್ಲಿ ಒಂದೊಂದು ಸಂಕೇತಕ್ಕೂ ಒಂದೊಂದು ಚಿತ್ರ ಇಡುತ್ತದೆ. ಇಂಗ್ಲಿಷಿಗೆ, ಜಪಾನಿಗೆ ಸಾಕು. ನಮ್ಮಂಥ ಲಿಪಿಗಳಿಗೆ ಸಾಲದು.

ಕ್ಯೂಟಿಯಲ್ಲಿ ಬರೆದ ಆ್ಯಪುಗಳು ತಮ್ಮ ಅಕ್ಷರವನ್ನು ತಾವೇ ಕೂಡಿಸಿಕೊಳ್ಳುತ್ತವೆ. ಫಾಲ್ಕನ್ ಬ್ರೌಸರಲ್ಲಿ ಕನ್ನಡ ಚೆನ್ನಾಗಿಯೇ ಕಂಡಿತು. ಹಾಗಾಗಿ ಸುಲಭದ ದಾರಿ ಗೊತ್ತಿತ್ತು: ಇಡೀ ಆ್ಯಪನ್ನು ಕ್ಯೂಟಿಗೆ ಬದಲಾಯಿಸೋದು. ಒಂದು ರಾತ್ರಿ ಅದನ್ನೇ ಯೋಚಿಸಿದೆ. ಆದರೆ ಚೀಟಿ, ಕಾಗದ, ಕಿಟಕಿ ಎಲ್ಲ ಇಷ್ಟು ಚೆಂದ ಕೂತಿರುವಾಗ ಬಿಡಲು ಮನಸ್ಸಾಗಲಿಲ್ಲ. ಅಕ್ಷರ ಕೂಡಿಸುವ ಕೆಲಸವನ್ನು ನಾನೇ ಮಾಡಿದರೆ?

ಹಾರ್ಫ್‌ಬಝ್ ಅನ್ನೋ ಲೈಬ್ರರಿ ಮಾಡುವುದು ಇದೇ ಕೆಲಸ. ಆ್ಯಂಡ್ರಾಯ್ಡ್, ಕ್ರೋಮ್, ಲಿಬ್ರೆಆಫೀಸ್‌ಗಳ ಒಳಗೆ ಕನ್ನಡ ಕೂಡುವುದು ಅದರಿಂದಲೇ. ಹೈಕುವಿಗೂ ಪ್ಯಾಕೇಜ್ ಇದೆ. ಅದಕ್ಕೆ ಪದ ಕೊಟ್ಟರೆ, ಯಾವ ಯಾವ ಗ್ಲಿಫ್ (ಅಕ್ಷರದ ಚಿತ್ರ) ಎಲ್ಲೆಲ್ಲಿ ಇಡಬೇಕು ಅಂತ ಪಟ್ಟಿ ಕೊಡುತ್ತದೆ. ಮೆಟ್ಟುಗತ್ತಿಯ ಹನ್ನೊಂದು ಸಂಕೇತ ಒಳಗೆ ಹೋಗಿ, ಅದಕ್ಕಿಂತ ಕಡಿಮೆ ಗ್ಲಿಫ್ ಹೊರಗೆ ಬಂದವು. ಹಲಂತಗಳು ಒತ್ತಿನಲ್ಲಿ ಕರಗಿಹೋಗಿದ್ದವು. ಆ ಪಟ್ಟಿಯನ್ನು ಟರ್ಮಿನಲ್ಲಿನಲ್ಲಿ ನೋಡಿದಾಗಲೇ ಇದು ಆಗುತ್ತದೆ ಅನ್ನಿಸಿತು.

ಗ್ಲಿಫ್ ಅಂದರೆ ಗೆರೆಗಳು, ಬಾಗುಗಳು. ಅವನ್ನು ಫ್ರೀಟೈಪ್ ಅನ್ನೋ ಲೈಬ್ರರಿ ಬಿಡಿಸಿ ಕೊಡುತ್ತದೆ: ಇಲ್ಲಿಗೆ ಹೋಗು, ಇಲ್ಲಿಯವರೆಗೆ ಗೆರೆ ಎಳೆ, ಇಲ್ಲಿಯವರೆಗೆ ಬಾಗಿಸು. ಹೈಕುವಿನ ಬಿಶೇಪ್ ಕೂಡ ಇದೇ ಮಾತು ಆಡುತ್ತದೆ. ಒಂದಕ್ಕೊಂದು ಜೋಡಿಸಿದರೆ ಮುಗಿಯಿತಲ್ಲ. ಒಂದೇ ಅಡ್ಡಿ. ಈ ಫಾಂಟಿನ ಬಾಗು ಒಂದು ಹಿಡಿ ಬಿಂದುವಿನದು (ಬಾಗನ್ನು ತನ್ನ ಕಡೆ ಎಳೆಯುವ ಬಿಂದು), ಬಿಶೇಪ್ ಕೇಳುವುದು ಎರಡು ಹಿಡಿ ಬಿಂದುವಿನ ಬಾಗು. ಶುರುವಿನ ಬಿಂದುವಿನಿಂದ ಹಿಡಿ ಬಿಂದುವಿನ ಕಡೆಗೆ ಮೂರರಲ್ಲಿ ಎರಡು ಭಾಗ ಹೋದರೆ ಮೊದಲನೆಯದು. ಕೊನೆಯ ಬಿಂದುವಿನಿಂದ ಅದರ ಕಡೆಗೇ ಮೂರರಲ್ಲಿ ಎರಡು ಭಾಗ ಬಂದರೆ ಎರಡನೆಯದು. ಬಾಗು ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಮೊದಲ ಸಲ ಓಡಿಸಿದಾಗ ಕಿಟಕಿ ಪೂರ್ತಿ ಕಪ್ಪು. ಅಳತೆಗಳು 64 ಪಟ್ಟು ದೊಡ್ಡದಾಗಿ ಬರುತ್ತವೆ, ಭಾಗಿಸಬೇಕು. ನಾನು ಭಾಗಿಸಿರಲಿಲ್ಲ. ಮಕಾರದ ಒಂದು ಗೆರೆಯ ದಪ್ಪದೊಳಗೇ ಇಡೀ ಕಿಟಕಿ ಕೂತಿತ್ತು. ಭಾಗಿಸಿದೆ. ಈಗ ಪದ ಕಂಡಿತು, ತಲೆಕೆಳಗಾಗಿ. ಫಾಂಟಿನ ಲೋಕದಲ್ಲಿ ಲಂಬ ಅಳತೆ ಮೇಲಕ್ಕೆ ಬೆಳೆಯುತ್ತದೆ, ಪರದೆಯಲ್ಲಿ ಕೆಳಕ್ಕೆ. ಒತ್ತುಗಳು ತಲೆಯ ಮೇಲೆ, ತಲೆಕಟ್ಟು ಕಾಲಡಿ. ಒಂದು ಮೈನಸ್ ಚಿಹ್ನೆ ಸೇರಿಸಿ ಮತ್ತೆ ಓಡಿಸಿದೆ.

ಮೆಟ್ಟುಗತ್ತಿ. ಟಕಾರದ ಕೆಳಗೆ ಟಕಾರದ ಒತ್ತು, ಕೊಂಬು ತನ್ನ ಜಾಗದಲ್ಲಿ, ತಕಾರದ ತಲೆಯ ಮೇಲೆ ಗುಡಿಸು, ಕೆಳಗೆ ತಾವತ್ತು. ಅಂಚುಗಳು ನುಣುಪು. ರಾತ್ರಿ ಎರಡು ಗಂಟೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಎಬ್ಬಿಸಿ ತೋರಿಸೋಣ ಅನ್ನಿಸಿತು. ಎಬ್ಬಿಸಲಿಲ್ಲ. ಕಿಟಕಿಯನ್ನು ದೊಡ್ಡದು ಸಣ್ಣದು ಮಾಡುತ್ತಾ ಸುಮಾರು ಹೊತ್ತು ನೋಡಿದೆ.

ಸಿಸ್ಟಮ್ ಒಂದು ಕೆಲಸ ಮಾಡದಿದ್ದರೆ ನಾವು ಸಾಮಾನ್ಯವಾಗಿ ಕಾಯುತ್ತೇವೆ, ಇಲ್ಲ ಬೇರೆ ಸಿಸ್ಟಮ್‌ಗೆ ಹೋಗುತ್ತೇವೆ. ಇಲ್ಲಿ ಅಂತರ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವಷ್ಟು ಕೋಡ್ ಚಿಕ್ಕದು, ಓದಲು ಬರುತ್ತದೆ. ಆ್ಯಪ್ ಸರ್ವರ್‌ನ ಪಠ್ಯ ಚಿತ್ರಿಸುವ ಭಾಗವನ್ನು ನಾನು ಎರಡು ಸಂಜೆ ಕೂತು ಓದಿದೆ. ಲಿನಕ್ಸ್‌ನಲ್ಲಿ ಇಷ್ಟು ವರ್ಷ ದುಡಿದೂ ಒಂದು ಅಕ್ಷರ ಪರದೆಗೆ ಹೇಗೆ ಬರುತ್ತದೆ ಅಂತ ತುದಿಯಿಂದ ಬುಡದವರೆಗೆ ನೋಡಿರಲಿಲ್ಲ. ನೋಡಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ನನಗೆ ಹೈಕು ಕೊಟ್ಟಿದ್ದರಲ್ಲಿ ದೊಡ್ಡದು ಇದೇ ಅನ್ನುತ್ತೇನೆ, ಬೂಟ್ ವೇಗಕ್ಕಿಂತ ದೊಡ್ಡದು.

ಟೈಪ್ ಮಾಡುವುದಕ್ಕೂ ಒಂದು ದಾರಿ ಬೇಕಿತ್ತು. ಕೀಮ್ಯಾಪ್ ಅನ್ನೋ ಸೆಟ್ಟಿಂಗಿನಲ್ಲಿ ಕ್ಯಾರೆಕ್ಟರ್‌ಮ್ಯಾಪ್‌ನಿಂದ ಅಕ್ಷರ ಎಳೆದು ಕೀ ಮೇಲೆ ಬಿಡಬಹುದು. ಇನ್‌ಸ್ಕ್ರಿಪ್ಟ್ ಜೋಡಣೆ ಮಾಡಿಕೊಂಡೆ. ಅದರಲ್ಲಿ ಹೆಚ್ಚಿನ ಕೀಗಳಿಗೆ ಒಂದೊಂದೇ ಸಂಕೇತ, ಹಾಗಾಗಿ ಸಲೀಸು. ನನ್ನ ಬೆರಳಿಗೆ ಕಗಪ ಅನ್ನೋ ಇನ್ನೊಂದು ಕೀಲಿ ಜೋಡಣೆ ರೂಢಿ. ಅದಕ್ಕೆ ಹಿಂದಿನ ಅಕ್ಷರ ನೋಡಿ ಸ್ವರವನ್ನು ಗುಣಿತವಾಗಿ ಬದಲಾಯಿಸುವ ತರ್ಕ ಬೇಕು, ಬರೀ ಕೀಮ್ಯಾಪಿಂದ ಆಗದು. ಅದು ಇನ್ನೂ ಬಾಕಿ. ಕರ್ಸರ್ ಕೂಡ ಬಾಕಿ. ಬ್ಯಾಕ್‌ಸ್ಪೇಸ್ ಒತ್ತಿದರೆ ಗುಡಿಸು ಮಾತ್ರ ಹೋಗಬೇಕಾ, ಇಡೀ 'ತ್ತಿ' ಹೋಗಬೇಕಾ? ಯಾವ ಗ್ಲಿಫ್ ಯಾವ ಬೈಟಿಂದ ಬಂತು ಅಂತ ಹಾರ್ಫ್‌ಬಝ್ ಹೇಳುತ್ತದೆ, ಅದನ್ನು ಹಿಡಿದು ಬರೆಯುತ್ತಿದ್ದೇನೆ.

ಮಧ್ಯೆ ಒಂದು ಸಲ ಎಲ್ಲ ಪ್ಯಾಕೇಜ್ ಅಪ್‌ಡೇಟ್ ಮಾಡಿದ ಮೇಲೆ ನನ್ನ ಬಿಲ್ಡ್ ಕೆಟ್ಟಿತು. ಹೈಕುವಿನಲ್ಲಿ ಪ್ಯಾಕೇಜನ್ನು ಬಿಚ್ಚಿ ಹರಡುವುದಿಲ್ಲ, ಮುಚ್ಚಿದ ಹಾಗೇ ಮೌಂಟ್ ಮಾಡುತ್ತಾರೆ. ಅಪ್‌ಡೇಟ್ ಆದಾಗ ಹಿಂದಿನ ಸ್ಥಿತಿ ತಾರೀಖಿನ ಸಮೇತ ಉಳಿದಿರುತ್ತದೆ. ಬೂಟ್ ಆಗುವಾಗ ಮೆನು ತೆರೆದು ನಿನ್ನೆಯ ತಾರೀಖು ಆರಿಸಿದೆ. ನಿನ್ನೆಯ ಸಿಸ್ಟಮ್ ಬಂತು, ಬಿಲ್ಡ್ ಆಯಿತು.

ಇಷ್ಟು ಹೇಳಿ, ಆಫೀಸಿನ ಕೆಲಸವನ್ನೂ ಇದಕ್ಕೆ ತನ್ನಿ ಅಂತ ಹೇಳಲಾರೆ. ಕಂಟೇನರು ಓಡಿಸುವ ಡಾಕರ್ ಇಲ್ಲ. ಬೀಟಾ5ರಲ್ಲಿ ಗ್ರಾಫಿಕ್ಸ್ ಕಾರ್ಡಿನ ವೇಗ ಸಿಗುವುದಿಲ್ಲ, ಎಲ್ಲ ಸಿಪಿಯು ಮೇಲೇ. ಬಳಕೆದಾರ ಒಬ್ಬನೇ, ಅವನಿಗೇ ಎಲ್ಲ ಅಧಿಕಾರ. ಬ್ಯಾಂಕಿನ ಕೆಲಸಕ್ಕೆ ನಾನು ಇದನ್ನು ಬಳಸುವುದಿಲ್ಲ. ಸಿ++ ಬರದಿದ್ದರೆ ಸ್ವಂತ ಎಪಿಐ ಕಷ್ಟ. ಇವೆಲ್ಲ ನಿಜ. ಸಂಜೆ ಎರಡು ಗಂಟೆ, ನಿಮ್ಮದೇ ಒಂದು ಸಣ್ಣ ಕೆಲಸಕ್ಕೆ, ಒಂದು ಹಳೇ ಯಂತ್ರ ಕೊಟ್ಟು ನೋಡಿ ಅಂತ ಮಾತ್ರ ಕೇಳುತ್ತೇನೆ.

ಹೋದ ವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಲ್ಯಾಪ್‌ಟಾಪಿನ ಕಡೆ ತಿರುಗಿಸಿದೆ. ಪಟ್ಟಿ ಓದಿಕೊಂಡು ಬಂದಳು. 'ಗೊರಬು'ಗೆ ನಾನು "ಎಲೆಯಿಂದ ಮಾಡಿದ ಛತ್ರಿ" ಅಂತ ಬರೆದಿದ್ದೆ.

"ಛತ್ರಿ ಅಲ್ಲ ಅದು," ಅಂದಳು. "ಛತ್ರಿ ಹಿಡಿದ್ರೆ ಒಂದು ಕೈ ಹೋಯ್ತು. ಗೊರಬು ತಲೆ ಮೇಲಿಂದ ಬೆನ್ನಿಗೆ ಹಾಕ್ಕೊಳ್ಳೋದು. ಬಗ್ಗಿ ನೆಟ್ಟಿ ಮಾಡುವಾಗ ಎರಡೂ ಕೈ ಬೇಕಲ್ಲ."

ಟ್ರ್ಯಾಕರ್ ತೆರೆದು, ಅರ್ಥದ ಕಾಲಮ್ ಮೇಲೆ ಕ್ಲಿಕ್ ಮಾಡಿ, ಅವಳು ಹೇಳಿದ ಹಾಗೇ ತಿದ್ದಿದೆ. ನನ್ನ ಆ್ಯಪ್ ಆ ಚೀಟಿಗಳನ್ನು ಕಾಯುತ್ತಾ ಕೂತಿತ್ತು. ಗುಣ ಬದಲಾಯಿತು ಅಂತ ಫೈಲ್ ಸಿಸ್ಟಮ್‌ನಿಂದ ಕಾಗದ ಬಂತು, ಪಕ್ಕದ ಕಿಟಕಿಯ ಸಾಲು ತಾನಾಗಿ ಬದಲಾಯಿತು. ಅಮ್ಮ ಅಷ್ಟರಲ್ಲಿ ಮುಂದಿನ ಪದಕ್ಕೆ ಹೋಗಿದ್ದಳು.